ಕಡತದ ಪೂರ್ವೋತ್ತರ

ಕಮಲಾಪುರವನ್ನು ಬಿಟ್ಟು ಕಂಪ್ಲಿಯ ಕಡೆಗೆ ಹೊರಟ ದಾರಿಯು, ಒಂದು ಪಾರ್ಶ್ವದಲ್ಲಿ ಹೆಬ್ಬಂಡೆಗಳ ಬೆಟ್ಟಸಾಲನ್ನೂ ಮತ್ತೊಂದು ಪಾರ್ಶ್ವದಲ್ಲಿ ಬಾಳೆ, ಕಬ್ಬು, ಭತ್ತಗಳ ಹಸುರನ್ನೂ ಇಟ್ಟುಕೊಂಡು, ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ನೀರಿನ ಸದ್ದನ್ನು ಅಲ್ಲಲ್ಲಿ ಕೇಳಿಸುತ್ತ, ವೆಂಕಟಾಪುರವನ್ನು ಹಿಂದಿಕ್ಕಿ ಬುಕ್ಕಸಾಗರವನ್ನು ಸೇರುತ್ತದೆ. ಹಂಪಿಯನ್ನು ನೋಡಬಂದವರ ಕಣ್ಣು ಕಲ್ಲಿನ ರಥದಲ್ಲಿಯೂ ಕಮಲಮಹಲಿನಲ್ಲಿಯೂ ತಣಿದುಹೋಗುವುದರಿಂದ ಈ ಊರಿನವರೆಗೆ ಬರುವವರು ವಿರಳ; ಬಂದವರಾದರೂ ತುಂಗಭದ್ರೆಯ ಸೇತುವೆಯನ್ನೇರಿ ಕಡೇಬಾಗಿಲಿನ ಕಡೆಗೆ ದಾಟಿಹೋಗುವ ಅವಸರದಲ್ಲಿರುವವರೇ ಹೆಚ್ಚು. ಆದರೆ ಒಂದು ಗಳಿಗೆ ನಿಂತು ಊರಿನ ಹೆಸರನ್ನು ಕಿವಿಗೊಟ್ಟು ಕೇಳಿದವನಿಗೆ, 1356ರಿಂದ 1377ರವರೆಗೆ ಆಳಿದ ಬುಕ್ಕರಾಯನ ನೆನಪು ಬಸ್ಸಿನ ನಿರ್ವಾಹಕನ ಕೂಗಿನಲ್ಲಿಯೂ ಸಂತೆಗೆ ಹೊರಟ ಹೆಂಗಸರ ಮಾತಿನಲ್ಲಿಯೂ ಇನ್ನೂ ಸವೆಯದೆ ಉಳಿದಿದೆಯಲ್ಲಾ ಎಂಬ ವಿಸ್ಮಯ ಉಂಟಾಗದಿರದು. ನೂರಾರು ಬಾಯಿಗಳು ದಿನವೂ ಪ್ರತಿ ಮಾಡಿಕೊಳ್ಳುವ ಬರಹಕ್ಕೆ ಗೆದ್ದಲೂ ಹತ್ತುವುದಿಲ್ಲ, ಬೆಂಕಿಯೂ ತಾಗುವುದಿಲ್ಲ. ಕೇಡು ಬರುವುದು ಒಂದೇ ಪ್ರತಿಯಾಗಿ ಒಂದೇ ಗಂಟಿನಲ್ಲಿ ಕುಳಿತ ಬರಹಕ್ಕೆ. ಅಂಥ ಬರಹಗಳ ಪೈಕಿ ಮೊದಲನೆಯದು ಕಛೇರಿಯ ಲೆಕ್ಕ.

ಆ ಲೆಕ್ಕವನ್ನು ಈ ಸೀಮೆಯವರು ಯಾವುದರ ಮೇಲೆ ಬರೆದರು, ಬರೆದದ್ದನ್ನು ಹೇಗೆ ಅಳಿಸಿದರು, ಅಳಿಸುವಾಗ ಕಳೆದುಕೊಂಡುದೇನು ಎಂಬುದು ನನ್ನನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ಕೋಟೆ, ಗುಡಿ, ಯುದ್ಧಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಗುಮಾಸ್ತನ ಚರಿತ್ರೆಯನ್ನು ಬರೆಯುವುದರಲ್ಲಿ ಯಾರಿಗೂ ಅಷ್ಟು ಉತ್ಸಾಹವಿದ್ದಂತೆ ಕಾಣೆ.

ಹೊರನಾಡಿನವನೊಬ್ಬನು ಮಾತ್ರ ಗುಮಾಸ್ತರನ್ನು ಕಣ್ಣಿಟ್ಟು ನೋಡಿದ್ದನು. ತೈಮೂರನ ಮಗ ಶಾಹರುಖನ ರಾಯಭಾರಿಯಾಗಿ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕನು, ಅರಮನೆಯ ಬಲಗಡೆಯಲ್ಲಿದ್ದ, ಅನೇಕ ಕಂಬಗಳ ಭವ್ಯವಾದ ದಿವಾನಖಾನೆಯನ್ನು ವರ್ಣಿಸುತ್ತ, ಅದರ ಮುಂದೆ ಆಳೆತ್ತರಕ್ಕಿಂತ ಎತ್ತರವಾಗಿ ಸುಮಾರು 30 ಗಜ ಉದ್ದ, 6 ಗಜ ಅಗಲದ ಒಂದು ಜಗಲಿಯಿತ್ತೆಂದೂ, ರಾಜ್ಯದ ದಫ್ತರಗಳೆಲ್ಲವೂ ಅಲ್ಲಿಯೇ ಇದ್ದು ಬರೆಯುವವರು ಅಲ್ಲಿಯೇ ಕುಳಿತಿರುತ್ತಿದ್ದರೆಂದೂ ಹೇಳಿದ್ದಾನೆ. ಆ ಜನರ ಬರವಣಿಗೆ ಎರಡು ಬಗೆಯದೆಂಬುದನ್ನೂ ಅವನು ಗಮನಿಸಿದನು. ಒಂದು, ಉದ್ದನೆಯ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀಚಿದ ಬಣ್ಣವಿಲ್ಲದ ಬರಹ. ಇನ್ನೊಂದು, ಬಿಳಿಯ ಹಾಸನ್ನು ಕಪ್ಪಾಗಿಸಿ, ಲೇಖನಿಯಂತೆ ಕೊಯ್ದ ಮೆದು ಕಲ್ಲಿನಿಂದ ಕಪ್ಪಿನ ಮೇಲೆ ಬಿಳಿಯ ಅಕ್ಷರ ಮೂಡುವಂತೆ ಬರೆದದ್ದು. ಮೊದಲನೆಯದು ಬಹುಕಾಲ ಬಾಳದು, ಎರಡನೆಯದು ಬಾಳುತ್ತದೆ, ಆದುದರಿಂದ ಅದಕ್ಕೇ ಮನ್ನಣೆ ಹೆಚ್ಚು ಎಂಬುದು ಅವನ ತೀರ್ಪು. ಓಲೆಯ ಗ್ರಂಥಗಳನ್ನು ಪೂಜೆಯ ಮಣೆಯ ಮೇಲಿಟ್ಟು ಬೆಳೆದ ನಮಗೆ ಈ ತೀರ್ಪು ವಿಚಿತ್ರವಾಗಿ ಕಾಣಬಹುದು. ಆದರೆ ಅವನು ಕಂಡದ್ದು ಮಠದ ಭಂಡಾರವನ್ನಲ್ಲ, ದಿನವೂ ನೂರು ಕೈಗಳು ತಿರುವಿಹಾಕುವ ಕಛೇರಿಯನ್ನು ಎಂಬುದನ್ನು ನೆನೆದರೆ ಅವನ ಮಾತು ಅಸಂಗತವೆನಿಸುವುದಿಲ್ಲ. ಮಡಿಚಿದಲ್ಲಿ ಓಲೆ ಸೀಳುತ್ತದೆ, ಬಟ್ಟೆ ಸೀಳುವುದಿಲ್ಲ.

ರಜಾಕನು ಹೆಸರಿಸದೆ ಬಿಟ್ಟ ಆ ಕಪ್ಪು ಹಾಸೇ ನಮ್ಮ ಕಡತ. ಅದರ ಸ್ವರೂಪವನ್ನು ಅಳತೆಸಹಿತವಾಗಿ ಬರೆದಿಟ್ಟವನು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. 1810ರಲ್ಲಿ ಅಚ್ಚಾದ ತನ್ನ ದಕ್ಷಿಣಹಿಂದೂಸ್ಥಾನದ ಇತಿಹಾಸದ ಮೊದಲ ಸಂಪುಟದಲ್ಲಿ ಅವನು ಹೇಳುವಂತೆ, ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲವೂ ಹನ್ನೆರಡರಿಂದ ಹದಿನೆಂಟು ಅಡಿಯವರೆಗೆ ಉದ್ದವೂ ಇರುವ ಹತ್ತಿಯ ಬಟ್ಟೆಯ ಎರಡು ಮೈಗೂ ಅಂಟು ಮತ್ತು ಇದ್ದಿಲ ಪುಡಿಯ ಲೇಪವನ್ನು ಕೊಟ್ಟು, ಒಣಗಿದ ಮೇಲೆ ಸಮನಾದ ಎಲೆಗಳಾಗಿ ಹಿಂದುಮುಂದಾಗಿ ಮಡಿಚಿ, ಎರಡು ತುದಿಗಳಿಗೂ ಮರದ ಹಲಗೆಯ ರಟ್ಟು ಹಚ್ಚಿದರೆ ಕಡತ ಸಿದ್ಧವಾಗುತ್ತಿತ್ತು. ಹುಣಸೆಬೀಜವನ್ನು ಅರೆದು ಕುದಿಸಿದ ಅಂಟು, ತೆಂಗಿನ ಚಿಪ್ಪನ್ನೋ ಕಟ್ಟಿಗೆಯನ್ನೋ ಸುಟ್ಟ ಇದ್ದಿಲು, ಮಗ್ಗದಿಂದ ಇಳಿದ ಬಟ್ಟೆ, ಬರೆಯುವುದಕ್ಕೆ ಬಳಪದ ಕಲ್ಲು: ಇವಿಷ್ಟೇ ಸಾಮಗ್ರಿ. ಇವುಗಳಲ್ಲಿ ಊರ ಹೊರಗಿನಿಂದ ಕೊಂಡು ತರಬೇಕಾದುದು ಯಾವುದೂ ಇಲ್ಲ. ಹಿಂದೂದೇಶದವರು ಒತ್ತಾಗಿ ನೇಯ್ದ ಬಟ್ಟೆಯ ಮೇಲೆ ಬರೆಯುತ್ತಾರೆಂದು ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸನು ಹೇಳಿದ ಮಾತು ಗ್ರೀಕ್ ಗ್ರಂಥಗಳಲ್ಲಿ ಉಳಿದಿದ್ದು, ವಿಲ್ಕ್ಸನು ಆ ಬಟ್ಟೆಗೂ ಈ ಕಡತಕ್ಕೂ ನಂಟು ಹಚ್ಚುತ್ತಾನೆ. ಅದು ನಿಜವಿದ್ದರೂ ಇಲ್ಲದಿದ್ದರೂ, ಶೃಂಗೇರಿಯ ಮಠದ ಕಡತಗಳನ್ನು ವಿದ್ವಾಂಸರು ಬಿಡಿಸಿ ಓದಿ ಪ್ರಕಟಿಸಿರುವುದರಿಂದ, ಈ ಬಡ ಬಟ್ಟೆಯು ಶತಮಾನಗಳನ್ನು ದಾಟಿ ಬರಬಲ್ಲದೆಂಬುದರಲ್ಲಿ ಸಂಶಯವಿಲ್ಲ.

ಕಡತದ ದೊಡ್ಡ ಗುಣವು ಬಾಳಿಕೆಯಲ್ಲ, ಒರಸಿ ಮತ್ತೆ ಬರೆಯಲು ಬರುವುದು. ಓಲೆಯಲ್ಲಿ ಕಂಟವು ಕೊರೆದ ಗೆರೆಯನ್ನು ಅಳಿಸುವ ಉಪಾಯವಿಲ್ಲ. ತಪ್ಪಿದ ಅಕ್ಷರವನ್ನು ಹೊಡೆದುಹಾಕಿ ಪಕ್ಕದಲ್ಲಿ ತಿದ್ದಬೇಕು. ಕಡತದಲ್ಲಾದರೋ ಒದ್ದೆ ಬಟ್ಟೆಯಿಂದ ಒಂದು ಸಾರಿ ಒರಸಿದರೆ ಸಾಕು. ಮೈ ಬೆಳ್ಳಗಾಗಿ ಅಕ್ಷರ ಹಿಡಿಯದಂತಾದಾಗ ಮತ್ತೊಮ್ಮೆ ಅಂಟು, ಇದ್ದಿಲು ಬಳಿದು ಒಣಗಿಸಿದರೆ ಹೊಸದಕ್ಕೆ ಸಮ. ವರ್ಷ ವರ್ಷವೂ ಬದಲಾಗುವ ಬೆಳೆಯ ಲೆಕ್ಕ, ದಿನ ದಿನವೂ ಏರಿಳಿಯುವ ಶಿಲ್ಕು, ಕಾಲುವೆಯ ನೀರಿನ ಸರದಿ, ಸುಂಕದ ಬಾಕಿ ಇವುಗಳಿಗೆ ಇಂಥ ಮೈಯೇ ತಕ್ಕದ್ದು. ಆದರೆ ಒರಸಲು ಬರುವ ವಸ್ತುವು ಬೇಡದ್ದನ್ನು ಒರಸುವಷ್ಟೇ ಸುಲಭವಾಗಿ ಬೇಕಾದ್ದನ್ನೂ ಒರಸಿಕೊಡುತ್ತದೆ. ಹದಿನೆಂಟು ಅಡಿಯ ಕಡತದಲ್ಲಿ ಹನ್ನೆರಡು ಅಡಿಯು ತೀರಿದ ಬಾಕಿಗಳಿಂದ ತುಂಬಿಹೋಗಿ, ನಡೆಯುತ್ತಿರುವ ಲೆಕ್ಕಗಳು ಅವುಗಳ ನಡುವೆ ಅಲ್ಲೊಂದು ಇಲ್ಲೊಂದಾಗಿ ಚೆದರಿ ಕುಳಿತಾಗ ಕರಣಿಕನು ಏನು ಮಾಡಬೇಕು? ಅಲ್ಲಲ್ಲಿಯೇ ಒರಸಿ ಸಂದುಗಳಲ್ಲಿ ಹೊಸದನ್ನು ತುರುಕುವುದು ಒಂದು ದಾರಿ. ನಡೆಯುವ ಲೆಕ್ಕಗಳನ್ನಷ್ಟೇ ಆಯ್ದು ಮತ್ತೊಂದು ಕಡತಕ್ಕೆ ಸಾಲಾಗಿ ಎತ್ತಿ ಬರೆದು, ತಾಳೆ ನೋಡಿ, ಆಮೇಲೆ ಹಳೆಯದರ ಮೈಗೆ ಒದ್ದೆ ಬಟ್ಟೆ ಮುಟ್ಟಿಸುವುದು ಇನ್ನೊಂದು ದಾರಿ. ಎರಡನೆಯದಕ್ಕೆ ಎರಡು ಕಡತ ಬೇಕು, ಎರಡು ದಿನ ಬೇಕು, ಇಬ್ಬರು ಜನ ಬೇಕು. ಸಮಯವನ್ನೂ ಬಟ್ಟೆಯನ್ನೂ ಉಳಿಸಹೋದವನು ಮೊದಲನೆಯ ದಾರಿಯನ್ನು ಹಿಡಿದು ಯಾರದೋ ಹೊಲದ ಗಡಿಯನ್ನು ಇದ್ದಿಲಿನಲ್ಲಿ ಕಲಸಿಬಿಡುವನು.

ಈ ಕಲಸುವಿಕೆಯ ಫಲ ವಿಜಯನಗರದಂಥ ರಾಜ್ಯದಲ್ಲಿ ಎಷ್ಟು ಭಾರವಾಗಿದ್ದಿರಬೇಕೆಂಬುದನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ 1535ರ ಸುಮಾರಿನಲ್ಲಿ ಬರೆದ ವೃತ್ತಾಂತದಿಂದ ಊಹಿಸಬಹುದು. ಅರಸನು ತಾನಾಗಿ ಯಾರಿಗೂ ಲಿಖಿತ ಆಜ್ಞೆಯನ್ನು ಕೊಡುತ್ತಿರಲಿಲ್ಲವಂತೆ. ಅವನು ಬಾಯಿಂದ ಹೇಳಿದ್ದನ್ನು ಪಕ್ಕದಲ್ಲಿದ್ದ ರಾಯಸದವರು ತಮ್ಮ ಪುಸ್ತಕಗಳಲ್ಲಿ ಬರೆದುಕೊಳ್ಳುತ್ತಿದ್ದರು, ಅನುಗ್ರಹ ಪಡೆದವನ ಕೈಗೆ ಬರುತ್ತಿದ್ದುದು ಮಂತ್ರಿಯ ವಶದಲ್ಲಿದ್ದ ಮುದ್ರೆಯುಂಗುರವನ್ನೊತ್ತಿದ ಅರಗಿನ ಬಿಲ್ಲೆ ಮಾತ್ರ. ಅರಗಿನ ಬಿಲ್ಲೆಯು ಏನನ್ನೂ ಹೇಳುವುದಿಲ್ಲ, ಹೇಳುವುದೆಲ್ಲವೂ ದಫ್ತರದಲ್ಲಿದೆ. ಅಲ್ಲಿಯ ಒಂದು ಸಾಲು ಅಳಿಸಿಹೋದರೆ ಬಿಲ್ಲೆಯನ್ನು ಹಿಡಿದವನ ಕೈಯಲ್ಲಿ ಅರಗು ಉಳಿಯಿತೇ ಹೊರತು ಊರು ಉಳಿಯಲಿಲ್ಲ. ರಾಯಸವೆಂಬ ಹುದ್ದೆಯು ರಾಯಸಂ ಕೊಂಡಮರಸನಂಥವರನ್ನು ಮಂತ್ರಿಪದವಿಗೆ ಏರಿಸಿದುದರಲ್ಲಿ ಆಶ್ಚರ್ಯವೇನಿದೆ!

ಅಳಿಸಲೇಬಾರದೆಂಬ ದಾನಗಳಿಗೆ ಬೇರೆ ಮೈ ಇತ್ತು. ಶಿಲೆಯ ಮಾತು ಎಲ್ಲರಿಗೂ ತಿಳಿದದ್ದೇ. ತಾಮ್ರಶಾಸನದ ರಚನೆಯನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಿದವರೇ ಮೆಚ್ಚಬಲ್ಲರು. ಹಲಗೆಗಳ ಅಂಚನ್ನು ಕೊಂಚ ಎತ್ತಿ ಅಕ್ಷರಗಳು ಒಂದಕ್ಕೊಂದು ಉಜ್ಜದಂತೆ ಮಾಡುವುದು, ಮೊದಲ ಹಲಗೆಯ ಹೊರಮೈಯನ್ನೂ ಕಡೆಯ ಹಲಗೆಯ ಹೊರಮೈಯನ್ನೂ ಬರೆಯದೆ ಬಿಡುವುದು, ಎಲ್ಲವನ್ನೂ ಒಂದು ಬಳೆಗೆ ಪೋಣಿಸಿ ಬಳೆಯ ತುದಿಗಳನ್ನು ರಾಜಮುದ್ರೆಯಲ್ಲಿ ಬೆಸೆದು ನಡುವೆ ಹೊಸ ಹಲಗೆಯನ್ನು ಸೇರಿಸಲಾಗದಂತೆ ಮುಚ್ಚುವುದು: ಇವೆಲ್ಲವೂ ಕೇಡನ್ನು ಮುಂಗಂಡವರ ಕೌಶಲ. ಹೀಗಿದ್ದೂ ಹಳೆಯ ಅಕ್ಷರಗಳನ್ನು ಬಡಿದು ಮಟ್ಟಮಾಡಿ ಮೇಲೆ ಹೊಸ ಶಾಸನವನ್ನು ಕೊರೆದ ತಾಮ್ರಪಟಗಳು ಸಿಕ್ಕಿವೆಯೆಂದರೆ, ಮನುಷ್ಯನ ಒರಸುವ ಚಪಲವು ಲೋಹಕ್ಕೂ ಜಗ್ಗುವುದಲ್ಲವೆಂದು ಒಪ್ಪಬೇಕಾಗುತ್ತದೆ.

1565ರ ಜನವರಿಯಲ್ಲಿ ಕೃಷ್ಣೆಯ ಬಳಿಯ ಯುದ್ಧದಲ್ಲಿ ವಿಜಯನಗರವು ಸೋತುಹೋಯಿತು. ಪಟ್ಟಣವು ಸುಲಿಗೆಗೂ ಬೆಂಕಿಗೂ ಈಡಾಯಿತು. ರಜಾಕನು ಕಂಡ ಜಗಲಿಯ ಮೇಲಿನ ದಫ್ತರ ನಮ್ಮವರೆಗೆ ಬರಲಿಲ್ಲ. ಬಂದದ್ದು ಕಲ್ಲು, ತಾಮ್ರ, ಪರದೇಶಿಗಳ ಬರಹ. ಇಡಿಯ ಸಾಮ್ರಾಜ್ಯದ ಕಂದಾಯವನ್ನು ಹೊತ್ತ ಬಟ್ಟೆಯು ಎರಡನೆಯ ಪ್ರತಿಯಿಲ್ಲದೆ ಹೋಯಿತು.

ಆದರೆ ರಾಜಧಾನಿಯ ದಫ್ತರ ಅಳಿದರೂ ಹಳ್ಳಿಯ ದಫ್ತರ ಅಳಿಯಲಿಲ್ಲ, ಏಕೆಂದರೆ ಅದು ಒಂದೆಡೆ ಇರಲಿಲ್ಲ. ಒಂದೊಂದು ಊರಿನ ಕರಣಿಕನ ಮನೆಯ ಅಟ್ಟದ ಮೇಲೆ ಒಂದೊಂದು ಗಂಟಾಗಿ ಹರಡಿಕೊಂಡಿತ್ತು. 1800ರಲ್ಲಿ ನಿಜಾಮನು ಬಳ್ಳಾರಿ ಮೊದಲಾದ ಸೀಮೆಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ, ದತ್ತಮಂಡಲವೆನಿಸಿದ ಈ ನಾಡಿಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಹೊಲ ಹೊಲವನ್ನೂ ಅಳೆಯಿಸಿ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದನಷ್ಟೆ. ಆ ಅಳತೆಗೆ ಆಧಾರ ಹುಡುಕಬೇಕಾದಾಗ ಅವನ ಜನರು ತಟ್ಟಿದ ಬಾಗಿಲುಗಳು ಕರಣಿಕರವೇ. 1799ರ ಸುಮಾರಿಗೆ ಹಂಪಿಯ ಹಾಳುಗಳ ಮೊದಲ ನಕ್ಷೆಯನ್ನು ತಯಾರಿಸಿದ ಕಾಲಿನ್ ಮೆಕೆಂಜಿ ಮುಂದೆ ದತ್ತಮಂಡಲದ ಸರ್ವೆಯನ್ನು ನಡೆಸುತ್ತ, ಕಾವಲಿ ಲಕ್ಷ್ಮಯ್ಯನ ಸಹಾಯದಿಂದ, ಊರೂರಿನ ಕರಣಿಕರ ಮನೆಗಳಲ್ಲಿದ್ದ ಕವಿಲೆ, ಕಡತ, ಓಲೆಗಳಿಂದಲೂ ವೃದ್ಧರ ಬಾಯಿಂದಲೂ ಊರಿನ ವೃತ್ತಾಂತಗಳಾದ ಕೈಫಿಯತ್ತುಗಳನ್ನು ಬರೆಯಿಸಿ ತೆಗೆದುಕೊಂಡನು. ಮೆಕೆಂಜಿಯು 1821ರಲ್ಲಿ ತೀರಿಕೊಂಡ ಮೇಲೆ ಅವನ ಸಂಗ್ರಹದ ಕಾಗದವು ಹುಳು ಹಿಡಿದು ಶಾಯಿ ಮಾಸಿ ನಶಿಸತೊಡಗಿದುದನ್ನು ಕಂಡು, ಇಂಗ್ಲಿಷ್ ಅಧಿಕಾರಿ ಸಿ. ಪಿ. ಬ್ರೌನನು ಪಂಡಿತರನ್ನು ನೇಮಿಸಿ ಹೊಸ ಪುಸ್ತಕಗಳಿಗೆ ಪ್ರತಿಮಾಡಿಸಿದನು. ಹಳೆಯದು ಇನ್ನೂ ಓದಲು ಬರುತ್ತಿರುವಾಗಲೇ ಹೊಸದನ್ನು ಎತ್ತಿಸಿದ ಆ ಒಂದು ವಿವೇಕದಿಂದ ಎಷ್ಟು ಊರುಗಳ ಪೂರ್ವವೃತ್ತಾಂತ ಉಳಿಯಿತೆಂಬುದನ್ನು, ಅದೇ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಪ್ರಕಟಿಸಿದ ಕರ್ನಾಟಕದ ಕೈಫಿಯತ್ತುಗಳ ದೊಡ್ಡ ಸಂಪುಟವನ್ನು ತೆರೆದವರು ಅರಿಯಬಲ್ಲರು.

ಕಂಪನಿಯ ಕಾಗದ ಬಂದಂತೆ ಬಟ್ಟೆಯ ಕಡತವು ಮೂಲೆಗೆ ಸರಿಯಿತು. ಕೆಲಸದ ರೀತಿ ಸರಿಯಲಿಲ್ಲ. ಅಡಂಗಲು, ಚಿಟ್ಟಾ ಎಂಬ ಮದ್ರಾಸಿನ ಹೆಸರುಗಳ ಪುಸ್ತಕಗಳನ್ನು ಕರಣಂ ಪ್ರತಿವರ್ಷವೂ ಹೊಸದಾಗಿ ಎತ್ತಿ ಬರೆಯುತ್ತಿದ್ದನು. ಜಮಾಬಂದಿಯ ದಿನ ಅಧಿಕಾರಿಯ ಡೇರೆಯ ಮುಂದೆ ಒಬ್ಬನು ಹಳೆಯ ಪುಸ್ತಕವನ್ನು ರಾಗವಾಗಿ ಓದುತ್ತಿರಲು ಮತ್ತೊಬ್ಬನು ಹೊಸದರ ಸಾಲಿನ ಮೇಲೆ ಬೆರಳಿಟ್ಟು ನಡೆದು ತಾಳೆ ನೋಡುವನು. ಸರಿಯೆಂದು ಸಹಿ ಬಿದ್ದ ಮೇಲೆ ಹಳೆಯದು ಕೆಂಪು ಬಟ್ಟೆಯ ಗಂಟಿನೊಳಗೆ ಸೇರುವುದು. ಹೊಸಪೇಟೆಯ ಅಂಗಡಿಕಾರನೂ ದೀಪಾವಳಿಯಲ್ಲಿ ಮಾಡುವುದು ಇದನ್ನೇ: ಹಳೆಯ ಖಾತೆಯಲ್ಲಿ ತೀರಿದ ಹೆಸರುಗಳನ್ನು ಅಲ್ಲಿಯೇ ಬಿಟ್ಟು, ತೀರದವರ ಬಾಕಿಯನ್ನೂ ಆಖೈರು ಶಿಲ್ಕನ್ನೂ ಹೊಸ ಪುಸ್ತಕದ ಮೊದಲ ಪುಟಕ್ಕೆ ತಂದು, ಅದಕ್ಕೆ ಅರಿಸಿನ ಕುಂಕುಮವಿಟ್ಟು ಪೂಜೆ ಮಾಡುತ್ತಾನೆ. ಹೊಸ ಪುಸ್ತಕವು ತೆಳ್ಳಗಿರುತ್ತದೆ, ಬೇಕಾದದ್ದು ಬೇಗ ಸಿಕ್ಕುತ್ತದೆ. ಹಳೆಯದನ್ನು ಮಾತ್ರ ಅವನು ಒಲೆಗೆ ಹಾಕುವುದಿಲ್ಲ. ಗಲ್ಲೆಯ ಹಿಂದಿನ ಮಾಡಿನಲ್ಲಿಡುತ್ತಾನೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯು ಮದ್ರಾಸಿನಿಂದ ಬಿಡುಗಡೆ ಹೊಂದಿ ಮೈಸೂರನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ನಾಲ್ಕು ವರ್ಷ ಮೊದಲು ಘೋರ್ಪಡೆಯವರ ಸಂಡೂರು ಸಂಸ್ಥಾನವೂ ಇದೇ ಜಿಲ್ಲೆಯಲ್ಲಿ ವಿಲೀನವಾಗಿತ್ತು. ಗಡಿಯು ಭೂಪಟದಲ್ಲಿ ಒಂದು ದಿನದಲ್ಲಿ ಬದಲಾಗುತ್ತದೆ. ಕಾಗದದ ಗಂಟುಗಳು ಗಾಡಿಯೇರಿ ಇಳಿದು ಹೊಂದಿಕೊಳ್ಳುವುದಕ್ಕೆ ಕಾಲ ಹಿಡಿಯುತ್ತದೆ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು, ಕರಣಂ, ಶಾನುಭೋಗ, ಕುಲಕರ್ಣಿಗಳ ಸ್ಥಾನದಲ್ಲಿ ಸಂಬಳದ ಗ್ರಾಮಲೆಕ್ಕಿಗನು ಕುಳಿತನು. ಆ ಹಳೆಯ ಪದ್ಧತಿಯ ದೋಷಗಳು ಸಣ್ಣವಾಗಿರಲಿಲ್ಲ. ಊರಿನ ಲೆಕ್ಕವೆಲ್ಲ ಒಂದು ಮನೆತನದ ಅಟ್ಟದಲ್ಲಿದ್ದರೆ ಬಡವನ ಹೊಲವು ಎಷ್ಟು ಸುರಕ್ಷಿತವೆಂಬುದನ್ನು ಕೇಳುವ ಅಗತ್ಯವೇ ಇಲ್ಲ. ಆದರೂ ಪ್ರತಿಮಾಡಿ ತಾಳೆ ನೋಡುವ ಹಳೆಯ ಶಿಸ್ತು ಹುದ್ದೆಯೊಡನೆ ಹೊಸಬನಿಗೆ ಪೂರ್ತಿಯಾಗಿ ವರ್ಗವಾಯಿತೆಂದು ನಾನು ನಂಬಲಾರೆ.

ಇನ್ನು ಗಣಕಯಂತ್ರದ ಮಾತು. 1980ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಡಿಬೇಸ್ ಎಂಬ ತಂತ್ರಾಂಶವೂ, ಅದರ ಹೆಜ್ಜೆಯಲ್ಲಿ ಹುಟ್ಟಿ 1992ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಪಾಲಾದ ಫಾಕ್ಸ್‌ಪ್ರೊ ತಂತ್ರಾಂಶವೂ ಕಛೇರಿಯ ಪಟ್ಟಿಗಳನ್ನು ಮೇಜಿನ ಮೇಲಿನ ಪೆಟ್ಟಿಗೆಗೆ ತಂದವು; ತೊಂಬತ್ತರ ದಶಕದಲ್ಲಿ ಹೊಸಪೇಟೆಯಂಥ ಊರುಗಳ ಕಂಪ್ಯೂಟರ್ ತರಬೇತಿಯ ಬೋರ್ಡುಗಳಲ್ಲಿ ಫಾಕ್ಸ್‌ಪ್ರೊ ಎಂಬ ಹೆಸರು ತಪ್ಪುತ್ತಿರಲಿಲ್ಲ. ಇವುಗಳ ಒಳಮನೆಯನ್ನು ಹೊಕ್ಕು ನೋಡಿದಾಗ ನನಗೆ ಕರಣಿಕನ ನೆನಪಾಯಿತು. ಒಂದು ಹೆಸರನ್ನು ತೆಗೆದುಹಾಕೆಂದು ಅಪ್ಪಣೆ ಕೊಟ್ಟರೆ ಯಂತ್ರವು ಅದನ್ನು ತೆಗೆಯುವುದಿಲ್ಲ. ಆ ಸಾಲಿನ ಮೊದಲ ಮನೆಯಲ್ಲಿ ಒಂದು ನಕ್ಷತ್ರದ ಗುರುತನ್ನು ಹಾಕಿ ಸುಮ್ಮನಾಗುತ್ತದೆ. ಸಾಲು ಇದ್ದಲ್ಲಿಯೇ ಇರುತ್ತದೆ, ಮನಸ್ಸು ಬದಲಾದರೆ ಗುರುತನ್ನು ಅಳಿಸಿ ಮರಳಿ ಪಡೆಯಬಹುದು. ನಕ್ಷತ್ರ ಬಿದ್ದ ಸಾಲುಗಳನ್ನೆಲ್ಲ ಬಿಟ್ಟು ಉಳಿದವನ್ನು ಒತ್ತೊತ್ತಾಗಿ ಎತ್ತಿ ಬರೆಯುವುದಕ್ಕೆ ಪ್ಯಾಕ್ ಎಂಬ ಬೇರೆ ಅಪ್ಪಣೆ ಇದೆ. ಅದಾದ ಮೇಲೆ ಮರಳುವ ದಾರಿಯಿಲ್ಲ. ಯಂತ್ರದೊಳಗಿನ ಕಡತದ, ಎಂದರೆ ಫೈಲಿನ, ತಲೆಯಲ್ಲಿ ಒಟ್ಟು ಸಾಲುಗಳ ಎಣಿಕೆಯೂ ಬರೆದಿರುತ್ತದೆ. ಸಾಲು ಸೇರಿಸಿ ಎಣಿಕೆಯನ್ನು ತಿದ್ದುವ ಮುಂಚೆ ವಿದ್ಯುತ್ತು ಹೋದರೆ ತಲೆಯ ಎಣಿಕೆ ಒಂದು, ಮೈಯ ಎಣಿಕೆ ಒಂದಾಗಿ ಯಂತ್ರವು ತನ್ನ ಬರಹವನ್ನೇ ನಂಬದಂತಾಗುತ್ತದೆ.

1992ರ ನವೆಂಬರಿನಲ್ಲಿ ಹೊರಬಂದು ಕಾಲಕ್ರಮದಲ್ಲಿ ಸಣ್ಣ ಕಛೇರಿಗಳ ಲೆಕ್ಕಿಗನಾಗಿ ಪರಿಣಮಿಸಿದ ಎಂ. ಎಸ್. ಆಕ್ಸೆಸ್ ತಂತ್ರಾಂಶದಲ್ಲಿ ಪಟ್ಟಿಗಳು, ಅವುಗಳ ಸೂಚಿಗಳು, ನಮೂನೆಗಳು, ವರದಿಗಳು ಎಲ್ಲವೂ ಒಂದೇ ಕಡತದೊಳಗೆ ಎಲೆ ಎಲೆಯಾಗಿ ಕುಳಿತಿರುತ್ತವೆ. ಈಚಿನ ಆವೃತ್ತಿಗಳಲ್ಲಿ ಒಂದೊಂದು ಎಲೆ ನಾಲ್ಕು ಕಿಲೋಬೈಟಿನದು. ಅಳಿಸಿದ ಸಾಲುಗಳ ಜಾಗವೂ ಲೆಕ್ಕ ಕೂಡಿಸುವಾಗ ಮಾಡಿ ಬಿಟ್ಟ ತಾತ್ಕಾಲಿಕ ಪಟ್ಟಿಗಳ ಜಾಗವೂ ಖಾಲಿಯಾಗಿಯೇ ಉಳಿದು, ಕಡತವು ದಿನೇ ದಿನೇ ಊದಿಕೊಳ್ಳುತ್ತ ಹೋಗಿ, ಎರಡು ಗಿಗಾಬೈಟಿನ ಮೇರೆಯನ್ನು ಮುಟ್ಟಿದರೆ ಹೊಸದೊಂದು ಸಾಲನ್ನೂ ಹಿಡಿಯದಾಗುತ್ತದೆ. ಊದಿದ್ದನ್ನು ಇಳಿಸುವ ಕ್ರಿಯೆಗೆ ಗುಮಾಸ್ತರು ಕಾಂಪ್ಯಾಕ್ಟ್ ಮಾಡುವುದೆಂದೇ ಹೇಳುತ್ತಾರೆ. ಯಂತ್ರವು ಅದನ್ನು ನಡೆಸುವ ಕ್ರಮವು ಬಲ್ಲ ಕರಣಿಕನ ಕ್ರಮವೇ: ಹಳೆಯ ಕಡತವನ್ನು ಮುಟ್ಟದೆ ಪಕ್ಕದಲ್ಲಿ ಹೊಸದೊಂದನ್ನು ತೆರೆದು, ಬದುಕಿರುವ ಸಾಲುಗಳನ್ನು ಕ್ರಮವಾಗಿ ಎತ್ತಿ ಬರೆದು, ಸೂಚಿಗಳನ್ನು ಹೊಸದಾಗಿ ಕಟ್ಟಿ, ಎಲ್ಲ ಮುಗಿದ ಮೇಲೆ ಹಳೆಯದನ್ನು ತೆಗೆದು ಅದರ ಹೆಸರನ್ನು ಹೊಸದಕ್ಕೆ ಇಡುತ್ತದೆ. ಆದುದರಿಂದಲೇ ಯಂತ್ರದ ಡಿಸ್ಕಿನಲ್ಲಿ ಎರಡು ಕಡತಗಳು ಹಿಡಿಯುವಷ್ಟು ಜಾಗವಿರಬೇಕು. ಆ ಹೊತ್ತಿನಲ್ಲಿ ಬೇರೆ ಯಾರೂ ಅದನ್ನು ತೆರೆದಿರಕೂಡದು. ಯಾರಾದರೂ ತೆರೆದಿದ್ದರೆ ಪಕ್ಕದಲ್ಲಿಯೇ (ಹಳೆಯ ಮಾದರಿಯ ಕಡತವಾದರೆ ಎಲ್.ಡಿ.ಬಿ. ಎಂಬ ಬಾಲವಿರುವ) ಸಣ್ಣದೊಂದು ಬೀಗದ ಕಡತ ಕಾಣಿಸಿಕೊಳ್ಳುತ್ತದೆ. ಹೊಸದು ತಾಳೆಯಾಯಿತೇ ಎಂದು ನೋಡುವ ಕೆಲಸವನ್ನು ಮಾತ್ರ ಯಂತ್ರವು ನಮಗೆ ಬಿಡುತ್ತದೆ.

ಈ ಬಿಟ್ಟ ಕೆಲಸವನ್ನು ಬಿಟ್ಟುದರ ಫಲವನ್ನು ನಾನು ಒಮ್ಮೆ ಹತ್ತಿರದಿಂದ ಕಂಡೆನು. ಹೆಸರು ಹೇಳಬೇಕಾಗಿಲ್ಲದ ಒಂದು ಸಣ್ಣ ಕಛೇರಿಯಲ್ಲಿ ಸದಸ್ಯರ ಸಾಲದ ಖಾತೆಗಳೆಲ್ಲವೂ ಒಂದೇ ಕಡತದಲ್ಲಿದ್ದವು. ಕಡತವು ಒಳಕೋಣೆಯ ಯಂತ್ರದಲ್ಲಿ, ಬರೆಯುವವರಿಬ್ಬರು ಹೊರಕೋಣೆಯಲ್ಲಿ, ನಡುವೆ ಇಲಿ ಕಡಿದು ಟೇಪು ಸುತ್ತಿದ ಒಂದು ತಂತಿ. ಮುಚ್ಚಿದಾಗಲೆಲ್ಲ ತಾನೇ ಕಾಂಪ್ಯಾಕ್ಟ್ ಆಗಲೆಂದು ಯಾರೋ ಜಾಣರು ಸಜ್ಜುಗೊಳಿಸಿ ಹೋಗಿದ್ದರು. ಬೇಸಗೆಯ ಒಂದು ಸಂಜೆ ಕೆಲಸ ಮುಗಿಸಿ ಮುಚ್ಚಿದ ಗಳಿಗೆಗೆ ಸರಿಯಾಗಿ ಕರೆಂಟು ಹೋಯಿತು. ಬ್ಯಾಟರಿ ಸತ್ತು ವರ್ಷವಾಗಿದ್ದ ಯು.ಪಿ.ಎಸ್. ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಮರುದಿನ ನಾನು ಬೇರೇನೋ ಕೆಲಸಕ್ಕೆ ಹೋದಾಗ ಅಲ್ಲಿಯ ಹುಡುಗನು ಎದ್ದು ನಿಂತು, "ಸಾರ್, ಫೈಲು ಕರಪ್ಟ್ ಆಗೈತ್ರಿ, ಓಪನ್ನೇ ಆಗವಲ್ದು" ಎಂದನು. ರಿಪೇರಿಯ ಅಪ್ಪಣೆಯನ್ನು ಕೊಟ್ಟು ನೋಡಿದರು. ಯಂತ್ರವು ತನಗೆ ಓದಲು ಬಂದ ಸಾಲುಗಳನ್ನು ಉಳಿಸಿ, ಬಾರದ ಸಾಲುಗಳನ್ನು ಕೈಬಿಟ್ಟು, ತಾನು ಎಡವಿದ ಸ್ಥಳಗಳ ಒಂದು ಪಟ್ಟಿಯನ್ನು ಒಳಗೆ ಬರೆದಿಟ್ಟಿತು. ಆ ಪಟ್ಟಿಯಲ್ಲಿ ತಪ್ಪುಗಳ ಸಂಖ್ಯೆ ಇತ್ತು, ಸಾಲಗಾರರ ಹೆಸರಿರಲಿಲ್ಲ. ಹಿಂದಿನ ಪ್ರತಿಯೊಂದು ಪೆನ್‌ಡ್ರೈವಿನಲ್ಲಿ ಸಿಕ್ಕಿತಾದರೂ ಅದು ಮೂರು ತಿಂಗಳಷ್ಟು ಹಳೆಯದು.

ಕಡೆಗೆ ನಮ್ಮನ್ನು ಕಾಯ್ದದ್ದು ಕಾಗದ. ಕಿರ್ದಿ ಪುಸ್ತಕವನ್ನು ನಿಲ್ಲಿಸಬಾರದೆಂದು ಹಟ ಹಿಡಿದು ಬರೆಯುತ್ತಲೇ ಬಂದಿದ್ದ, ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಗುಮಾಸ್ತರೊಬ್ಬರು ಅಲ್ಲಿದ್ದರು. ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ದಿನಾಂಕ, ಹೆಸರು, ಮೊಬಲಗು ಎಂದು ರಾಗವಾಗಿ ಓದುತ್ತ ಹೋದರು. ಹುಡುಗನು ಕುಟ್ಟುತ್ತ ಹೋದನು. ನಾನು ಪರದೆಯ ಸಾಲಿನ ಮೇಲೆ ಬೆರಳಿಟ್ಟು "ಹೂಂ" ಎನ್ನುತ್ತ ಕುಳಿತೆನು. ಹೊರಗೆ ಬಾಳೆಗೊನೆ ತುಂಬಿದ ಲಾರಿಗಳು ಹೋಗುತ್ತಿದ್ದವು. ಎರಡನೆಯ ದಿನದ ಮಧ್ಯಾಹ್ನದ ಹೊತ್ತಿಗೆ, ಜಮಾಬಂದಿಯ ಡೇರೆಯ ಮುಂದೆ ಕುಳಿತವರಿಗೂ ನಮಗೂ ಏನೂ ವ್ಯತ್ಯಾಸವಿಲ್ಲವೆಂದು ನನಗೆ ತೋರಿ ನಗೆ ಬಂತು. ಹಿರಿಯರು ಓದು ನಿಲ್ಲಿಸಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸವನ್ನು ಸರಕಾರವು ಭೂಮಿ ಯೋಜನೆಯಲ್ಲಿ ಮಾಡಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗಳನ್ನು ಯಂತ್ರಕ್ಕೇರಿಸಿ, ಮುದ್ರಿಸಿದ ಪ್ರತಿಗಳನ್ನು ಮತ್ತೆ ಗ್ರಾಮಲೆಕ್ಕಿಗರ ಕೈಗೇ ಕೊಟ್ಟು ತಾಳೆ ನೋಡಿಸಿ, ಆ ಬಳಿಕವೇ ಕೈಬರಹದ ಪಹಣಿಯನ್ನು ನಿಲ್ಲಿಸಲಾಯಿತು; 2002ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಭೂಮಾಲೀಕರ ಹೆಸರುಗಳು ಹೀಗೆ ಮೈ ಬದಲಿಸಿದ್ದವು, ರೈತನು ತಾಲ್ಲೂಕು ಕಛೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ತನ್ನ ಹೊಲದ ಪ್ರತಿಯನ್ನು ಪಡೆಯುವಂತಾಗಿತ್ತು. ಅದು ಮೇಜಿನ ಮೇಲಿನ ಸಣ್ಣ ಕಡತವಾಗಿರದೆ ಬಲವಾದ ಸರ್ವರಿನ ಆಶ್ರಯದಲ್ಲಿದ್ದುದರಿಂದ ಕರೆಂಟು ಹೋದಾಗ ಅರ್ಧ ಬರೆದದ್ದನ್ನು ತಾನೇ ಹಿಂತೆಗೆದುಕೊಳ್ಳಬಲ್ಲ ಶಕ್ತಿ ಅದಕ್ಕಿತ್ತು. ಆದರೂ ಎತ್ತಿ ಬರೆಯುವಾಗ ತಂದೆಯ ಹೆಸರಿನ ಒಂದು ಅಕ್ಷರ ತಪ್ಪಿದವರು, ಗುಂಟೆಯ ಅಂಕಿ ಮನೆ ತಪ್ಪಿ ಕುಳಿತವರು ತಿದ್ದುಪಡಿಯ ಅರ್ಜಿ ಹಿಡಿದು ತಾಲ್ಲೂಕು ಕಛೇರಿಗೂ ಉಪವಿಭಾಗದ ಕಛೇರಿಗೂ ಅಲೆದ ಕಥೆ ಈ ಸೀಮೆಯ ಯಾವ ಊರಿನಲ್ಲಿ ಕೇಳಿದರೂ ಸಿಕ್ಕುತ್ತದೆ. ಅವರ ಅರ್ಜಿಗಳನ್ನು ತೀರ್ಮಾನಿಸುವುದು ಸಾಧ್ಯವಾದದ್ದು, ಹಳೆಯ ಕೈಬರಹದ ಪುಸ್ತಕಗಳನ್ನು ದಫ್ತರಖಾನೆಯಲ್ಲಿ ಸುಡದೆ ಉಳಿಸಿದುದರಿಂದ.

ಮತ್ತೊಂದು ಬಗೆಯ ಕೇಡು ಕನ್ನಡದವರಿಗೇ ಮೀಸಲು. ಫಾಕ್ಸ್‌ಪ್ರೊ ತಂತ್ರಾಂಶಕ್ಕೆ ಯೂನಿಕೋಡ್ ತಿಳಿಯದು. ಆದುದರಿಂದ ಆ ಕಾಲದ ಕನ್ನಡ ಹೆಸರುಗಳು ಇಸ್ಕಿ ಸಂಕೇತದಲ್ಲಿಯೋ ಅಕ್ಷರಗಳ ಚೂರುಗಳಿಗೆ ಸಂಖ್ಯೆ ಕೊಟ್ಟ ಅಕ್ಷರಶೈಲಿಗಳಲ್ಲಿಯೋ ಕುಳಿತವು. ಕಡತಕ್ಕೆ ಕೂದಲು ಕೊಂಕಿರುವುದಿಲ್ಲ, ಒಂದು ಸಾಲೂ ಕಳೆದಿರುವುದಿಲ್ಲ. ಅಕ್ಷರಶೈಲಿ ಮಾತ್ರ ಯಂತ್ರದಲ್ಲಿಲ್ಲ, ಹನುಮಂತಪ್ಪನು ಪರದೆಯ ಮೇಲೆ ಲ್ಯಾಟಿನ್ ಅಕ್ಷರಗಳ ಗೊಜ್ಜಾಗಿ ಮೂಡುತ್ತಾನೆ. ಕಡತದ ಬಟ್ಟೆ ಗಟ್ಟಿಯಿದ್ದೂ ಮೋಡಿ ಅಕ್ಷರ ಓದುವವನು ಊರಿನಲ್ಲಿ ಉಳಿಯದಿದ್ದರೆ ಹೇಗೋ ಹಾಗೆ.

2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಗೊಂಡು ಹೊಸಪೇಟೆ ಅದರ ಕೇಂದ್ರವಾಯಿತು. ಕಂಪ್ಲಿಯೂ ಸಂಡೂರೂ ಬಳ್ಳಾರಿಯಲ್ಲಿಯೇ ಉಳಿದವು. ಬುಕ್ಕಸಾಗರದಿಂದ ಕಂಪ್ಲಿಗೆ ಹೊರಟವನು ಈಗ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ದಾಟುತ್ತಾನೆ, ಲೆಕ್ಕಗಳೂ ಮತ್ತೊಮ್ಮೆ ಬೇರೆ ಬೇರೆ ಗಂಟುಗಳಾಗುತ್ತವೆ. ಆ ಗಂಟುಗಳ ಹಳೆಯ ಹೆಸರಾದರೋ ಯಂತ್ರಕ್ಕೂ ಬಂದಿದೆ: ಕನ್ನಡದ ಗಣಕ ತಂತ್ರಾಂಶಗಳನ್ನು ಅನುವಾದಿಸಿದವರು ಮೆನುವಿನ ಎಡತುದಿಯ ಮೊದಲ ಮಾತಾದ ಫೈಲ್ ಎಂಬುದಕ್ಕೆ ಪದ ಹುಡುಕುವಾಗ ಕಛೇರಿಯ ಬಾಯಿಯಲ್ಲಿದ್ದ ಕಡತವನ್ನೇ ಆರಿಸಿಕೊಂಡರು. ಇದ್ದಿಲು, ಹುಣಸೆಬೀಜದ ಆ ಬಟ್ಟೆಯು ಅವರ ಮನಸ್ಸಿನಲ್ಲಿತ್ತೋ ಇಲ್ಲವೋ ನಾನರಿಯೆ.

ಆ ಸಣ್ಣ ಕಛೇರಿಗೆ ನಾನು ಈಚೆಗೆ ಮತ್ತೊಮ್ಮೆ ಹೋಗಿದ್ದೆನು. ಹಿರಿಯರು ನಿವೃತ್ತರಾಗಿದ್ದಾರೆ, ಹುಡುಗನಿಗೆ ಮೀಸೆ ದಟ್ಟವಾಗಿದೆ. ಈಗ ಪಟ್ಟಿಗಳು ಒಂದು ಕಡತದಲ್ಲಿ, ನಮೂನೆಗಳು ಬೇರೆ ಕಡತದಲ್ಲಿ. ಶನಿವಾರ ಸಂಜೆ ಎಲ್ಲರೂ ಎದ್ದ ಮೇಲೆ ಅವನೊಬ್ಬನೇ ಕುಳಿತು, ಬೀಗದ ಕಡತ ಮಾಯವಾದುದನ್ನು ನೋಡಿ, ಮೊದಲು ತಾರೀಖು ಹಾಕಿದ ಹೆಸರಿನಲ್ಲಿ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು, ತಂತಿಯ ಮೇಲಿಂದ ಮಾಡದೆ ಒಳಕೋಣೆಯ ಯಂತ್ರದಲ್ಲಿಯೇ ಬೇರೆ ಹೆಸರಿಗೆ ಕಾಂಪ್ಯಾಕ್ಟ್ ಮಾಡಿದನು. ಆಮೇಲೆ ಹಳೆಯದರ ಖಾತೆಗಳ ಎಣಿಕೆ, ಆಖೈರು ಶಿಲ್ಕು. ಹೊಸದರ ಖಾತೆಗಳ ಎಣಿಕೆ, ಆಖೈರು ಶಿಲ್ಕು. ನಾಲ್ಕು ಅಂಕಿಗಳನ್ನೂ ಒಂದು ಹಳೆಯ ರಸೀತಿಯ ಬೆನ್ನಿನ ಮೇಲೆ ಒಂದರ ಕೆಳಗೊಂದು ಬರೆದು ನನ್ನ ಕಡೆಗೆ ನೂಕಿ, "ನೀವು ಓದ್ರಿ, ನಾ ನೋಡ್ತೀನಿ" ಎಂದನು. ನಾನು ಕನ್ನಡಕ ಹಾಕಿಕೊಂಡು ಓದತೊಡಗಿದೆನು.